ಗಾಡಿ ನಿಂತರೆ ಮಾತು ನಿಲ್ಲದು

ನಮ್ಮೂರಿನಲ್ಲಿ ನೆಲದ ಮೇಲೆ ನಿಂತು ಆಡಿದ ಮಾತು ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಹೊಸ್ತಿಲಲ್ಲಿ ಹೇಳಿಹೋದ ಬಡಗಿ ಬೆಳಿಗ್ಗೆ ಎದ್ದು ಇನ್ಯಾರದೋ ಮನೆಯ ಕಿಟಕಿಗೆ ಉಜ್ಜುಗೊರಡು ಹಿಡಿಯುತ್ತಿರುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಕಾಲು ಅತ್ತ ಹೋದವು, ಅವನೂ ಅವುಗಳ ಹಿಂದೆ ಹೋದ, ಅಷ್ಟೆ. ಮಾತು ನಿಲ್ಲಬೇಕಾದರೆ ಹಳೆಯ ಕಾರಿನಲ್ಲಿ ಕೂತು ಎಂಜಿನ್ ಓಡುತ್ತಿರುವಾಗ ಆಡಬೇಕು. ಗಾಡಿ ಜಾಗ ಬಿಟ್ಟು ಕದಲಬೇಕೆಂದೇನಿಲ್ಲ, ಎಂಜಿನ್ ಗುಡುಗುಡು ಅನ್ನುತ್ತಿದ್ದರೆ ಸಾಕು. ಹಾಗೆ ಆಡಿದ ಮಾತನ್ನು ಆಮೇಲೆ ಬ್ರಹ್ಮ ಬಂದರೂ ಅಲ್ಲಾಡಿಸಲಾರ. ಹೆಣ್ಣು ಕೊಡುವುದು, ಹಿತ್ತಲು ಹಂಚುವುದು, ಮಾತು ಬಿಟ್ಟ ಅಣ್ಣತಮ್ಮಂದಿರು ರಾಜಿಯಾಗುವುದು, ಹಾಲಿಗೆ ನೀರು ಬೆರೆಸುವುದಿಲ್ಲ ಎಂದು ಹಾಲಿನವನು ಒಪ್ಪುವುದು, ಎಲ್ಲವೂ ನಮ್ಮಲ್ಲಿ ಕಾರಿನ ಹಿಂದಿನ ಸೀಟಿನಲ್ಲೇ ಆಗುತ್ತ ಬಂದಿದೆ. ಗಾಡಿ ನಿಂತರೆ ಮಾತು ನಿಲ್ಲದು ಎಂಬುದು ಇಲ್ಲಿನ ಗಾದೆ. ನಾನೂ ನನ್ನ ತಂಗಿ ಯಮುನೆಯೂ ಬೇರೆ ಊರಿನಿಂದ ಮದುವೆಯಾಗಿ ಬಂದವರು. ಹೊಸತರಲ್ಲಿ ಇದು ತಿಳಿಯದೆ, ನಮ್ಮನೆಯವರು ಅಡುಗೆಮನೆಯಲ್ಲಿ ನಿಂತು ಕೊಟ್ಟ ಮಾತುಗಳನ್ನೆಲ್ಲ ನಂಬಿಕೊಂಡು ಎಷ್ಟು ದಿನ ಕಾದೆನೋ ನನಗೇ ಗೊತ್ತು. "ಸುಲೋಚನಾ, ನಾಳೆಯಿಂದ ನೀರು ನಾನೇ ಹಿಡೀತೀನಿ" ಎಂದು ಈಗಲೂ ಒಮ್ಮೊಮ್ಮೆ ಹೇಳುತ್ತಾರೆ. ಹೇಳಲಿ, ಕೇಳಲು ಚೆನ್ನಾಗಿರುತ್ತದೆ.

ಊರಿನಲ್ಲಿ ಅಂಥ ಹಳೆಯ ಕಾರುಗಳು ನಾಲ್ಕಿದ್ದವು. ಹೊಸ ಕಾರುಗಳಲ್ಲೂ ಜನ ಕೂತು ನೋಡಿದರು. ಕಿಟಕಿಯ ಗಾಜು ಏರಿಸಿಕೊಂಡು ತಣ್ಣಗೆ ಎಷ್ಟೇ ಆಣೆ ಇಟ್ಟರೂ ಮಾತು ಸಂಜೆಯೊಳಗೆ ಆವಿಯಾಗಿರುತ್ತಿತ್ತು. ಹೀಗಿರುವಾಗ ಬಂಕಿಗೆ ಹೊಸ ಪೆಟ್ರೋಲು ಬಂತು. ಅದರಲ್ಲಿ ಎಥನಾಲ್ ಬೆರೆತಿದೆ, ಅಂದರೆ ಕಬ್ಬಿನಿಂದ ಇಳಿಸಿದ ಸಾರ ಎಂದು ಬಂಕಿನವನು ಹೇಳಿದ. ಹೊಸ ಕಾರುಗಳು ಅದನ್ನು ಕಬ್ಬಿನ ಹಾಲು ಕುಡಿದ ಹಾಗೆ ಕುಡಿದು ಓಡಿದವು. ಹಳೆಯವು ಮಾತ್ರ ಕೆಮ್ಮತೊಡಗಿದವು. ಒಂದರ ಪೆಟ್ರೋಲ್ ಪಂಪು ಸೋರಿತು, ಇನ್ನೊಂದರ ಕಾರ್ಬ್ಯುರೇಟರಿನ ಹಿತ್ತಾಳೆಗೆ ಹಸಿರು ಕಿಲುಬು ಹತ್ತಿತು, ಮೂರನೆಯದರ ಟ್ಯಾಂಕು ಒಳಗಿಂದೊಳಗೇ ತುಕ್ಕು ತಿಂದು ಜರಡಿಯಾಯಿತು. ಮಾಲೀಕರು ಬೇಸತ್ತು ಅವನ್ನು ಶೆಡ್ಡಿಗೆ ತಳ್ಳಿ ಮೇಲೆ ಟಾರ್ಪಾಲು ಹೊದಿಸಿದರು. ಉಳಿದದ್ದು ಒಂದೇ, ನಿವೃತ್ತ ಬಂದರು ಗುಮಾಸ್ತ ಜಿನ್ನಪ್ಪನವರ ಹಾಲುಬಣ್ಣದ ಕಾರು. ಅದನ್ನು ಅವರು ದಿನಾ ಬೆಳಿಗ್ಗೆ ಹಸುವಿನ ಹಾಗೆ ಮೈ ಒರೆಸುತ್ತಾರೆ. "ಬೇರೆ ಕಡೆಯಿಂದ ಹಳೇ ಪೆಟ್ರೋಲು ತರಿಸಿ ಸಾರ್" ಎಂದು ಯಾರೋ ಹೇಳಿದ್ದಕ್ಕೆ, "ಎಲ್ಲ ಕಡೇನೂ ಇದೇ ಕಣಯ್ಯ, ನಿನ್ನ ತಾತ ಕುಡಿದ ಹಾಲು ತರಿಸು ಅಂದ ಹಾಗಾಯ್ತು" ಎಂದು ರೇಗಿದರಂತೆ.

ಇದರಿಂದ ಊರು ಪಟ್ಟ ಪಾಡು ಅಷ್ಟಿಷ್ಟಲ್ಲ. ಗಾಡಿ ಮಾತಿನ ಮಧ್ಯದಲ್ಲೇ ನಿಂತುಹೋದರೆ ಎಷ್ಟು ಆಡಿದ್ದೆವೋ ಅಷ್ಟು ಮಾತ್ರ ನಿಲ್ಲುತ್ತದೆ. ನಮ್ಮ ಭಾಷೆಯ ಸ್ವಭಾವ ನಿಮಗೆ ಗೊತ್ತೇ ಇದೆ. ಯಾರು, ಯಾರಿಗೆ, ಏನನ್ನು, ಎಲ್ಲಿ, ಯಾಕೆ ಎಂದು ಊರೆಲ್ಲ ಸುತ್ತಿಕೊಂಡು ಬಂದು ಕಟ್ಟಕಡೆಗೆ ಕೊಡುತ್ತೇನೋ ಕೊಡುವುದಿಲ್ಲವೋ ಎಂಬುದು ಬರುತ್ತದೆ. ಕೇರಿಯ ಕೊನೆಮನೆಯ ಅಜ್ಜ "ನನ್ನ ಹಿತ್ತಲಿನ ಹಲಸಿನ ಮರವನ್ನು ನನ್ನ ತಮ್ಮನಿಗೆ" ಎನ್ನುವಷ್ಟರಲ್ಲಿ ಗಾಡಿ ನಿಂತಿತು. ಕೊಟ್ಟರೋ, ಕೊಡಲಿಲ್ಲವೋ, ಮಾರಿದರೋ, ತೋರಿಸಿದರೋ? ಆ ವರ್ಷ ಅಣ್ಣ ತಮ್ಮ ಇಬ್ಬರೂ ಮರದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಹಣ್ಣು ಕೊಳೆತು ಬೀಳುವುದನ್ನು ನೋಡಿದರು. ಅದನ್ನು ಕಂಡ ಮೇಲೆ ಜನ ಬುದ್ಧಿವಂತರಾದರು. ಕೊನೆಯದನ್ನು ಮೊದಲು ಆಡಿಬಿಡುವುದು ಎಂದು ತೀರ್ಮಾನಿಸಿದರು. "ಕೊಟ್ಟೆ ನಾನು ತಮ್ಮನಿಗೆ ಮರ" ಎನ್ನಬೇಕು. ಸಂತೆಯಲ್ಲಿ ಕೂಡ ಅಭ್ಯಾಸಕ್ಕೆಂದು "ಬೇಡ ನನಗೆ ಬದನೆಕಾಯಿ ಹುಳುಕು" ಎನ್ನತೊಡಗಿದರು. ಮಕ್ಕಳು "ಬಿದ್ದ ತಮ್ಮ ಮೆಟ್ಟಿಲಿಂದ" ಎಂದು ಕೂಗುತ್ತಿದ್ದವು. ಅದಕ್ಕೂ ಕಲ್ಲು ಬಿತ್ತು. ಮೀನು ಒಣಗಿಸುವ ಮಾದಣ್ಣ ಕಾರಿನಲ್ಲಿ ಕೂತು ಗಂಟಲು ಸರಿಮಾಡಿಕೊಂಡು "ಕೊಟ್ಟೆ" ಅಂದ, ಗಾಡಿ ನಿಂತಿತು. ಅಂದಿನಿಂದ ಅವನು ಕೊಡುತ್ತಲೇ ಇದ್ದಾನೆ. ಅಂಚೆಯವನಿಗೆ ಕೊಡೆ ಕೊಟ್ಟ, ಹಾಲಿನವನಿಗೆ ಪಾತ್ರೆಯನ್ನೇ ಕೊಟ್ಟ, ನನಗೆ ಒಂದು ಸಲ ತನ್ನ ಕನ್ನಡಕ ಕೊಟ್ಟ. ಅವನ ಹೆಂಡತಿ ಭಾಗಿ ಸಂಜೆ ದೊಡ್ಡ ಬುಟ್ಟಿ ಹಿಡಿದು ಮನೆಮನೆಗೆ ಬರುತ್ತಾಳೆ. "ಏನೇನ್ ಕೊಟ್ನಮ್ಮಾ ಇವತ್ತು ಮಹರಾಯ?" ನಾವು ಎತ್ತಿಟ್ಟಿರುತ್ತೇವೆ, ಅವಳು ತೆಗೆದುಕೊಂಡು ಹೋಗುತ್ತಾಳೆ.

ಇದೆಲ್ಲ ಊರಿನ ಮಾತಾಯಿತು. ನನ್ನ ಸಂಕಟ ಬೇರೆಯದು. ಯಮುನೆ ಜ್ವರದಲ್ಲಿ ತೀರಿಕೊಂಡಾಗ ಅವಳ ಮಗಳು ಪಾರಿ ಇನ್ನೂ ಅಕ್ಷರ ತಿದ್ದುತ್ತಿತ್ತು. ಯಮುನೆಯ ಗಂಡ ಹೊನ್ನಯ್ಯ ಉಪ್ಪಿನ ಆಗರದಲ್ಲಿ ಕೆಲಸ ಮಾಡುತ್ತಾನೆ. ಸಮುದ್ರದ ನೀರನ್ನು ಮಡಿಗಳಿಗೆ ಹರಿಸಿ, ಬಿಸಿಲಿಗೆ ಬಿಟ್ಟು, ಉಪ್ಪು ಕಟ್ಟುವುದನ್ನು ಕಾಯುವ ಕೆಲಸ. ಉಪ್ಪಿನ ಕಾಲದಲ್ಲಿ ಅಲ್ಲೇ ಗುಡಿಸಲಿನಲ್ಲಿ ಮಲಗಬೇಕು. ಮಗುವನ್ನು ಅಲ್ಲಿ ಇಟ್ಟುಕೊಳ್ಳಲು ಆಗದು, ಊರಿನ ಮನೆಯಲ್ಲಿ ಒಂಟಿ ಬಿಡಲೂ ಆಗದು. ನನಗಿರುವ ಇಬ್ಬರ ಜೊತೆ ಇದೂ ಒಂದು ಬೆಳೆಯುತ್ತದೆ, ನನಗೇನು ಭಾರ? ಹೊನ್ನಯ್ಯನೂ ಒಪ್ಪಿದ. "ನಿಮ್ಮ ಹತ್ರಾನೇ ಇರ್ಲಿ ಅಕ್ಕ" ಎಂದು ನಮ್ಮ ಜಗುಲಿಯಲ್ಲಿ ನಿಂತು ಕಣ್ಣೊರೆಸಿಕೊಂಡು ಹೇಳಿಹೋದ. ಮಾರನೆಯ ದಿನ ಬೆಳಿಗ್ಗೆ ಅದೇ ಜಗುಲಿಗೆ ಬಂದು "ಪಾರಿ, ನಡಿ ಮನೆಗೆ" ಅಂದ. ನಾನು ಸಿಟ್ಟಾಗಲಿಲ್ಲ. ನೆಲದ ಮಾತು, ಅವನೇನು ಮಾಡಿಯಾನು? ಸಂಜೆ ಮತ್ತೆ ತಂದು ಬಿಟ್ಟ. ಮತ್ತೆ ಬಂದ, ಮತ್ತೆ ಕರೆದುಕೊಂಡು ಹೋದ. ಹುಡುಗಿಯ ಒಂದು ಚಪ್ಪಲಿ ಅಲ್ಲಿ, ಒಂದು ಇಲ್ಲಿ. ಪುಸ್ತಕ ಇಲ್ಲಿದ್ದರೆ ಸ್ಲೇಟು ಅಲ್ಲಿ. ಶಾಲೆಯ ಮೇಷ್ಟ್ರು ಅವಳ ಜಡೆಯ ಒಂದು ಕಡೆಯ ರಿಬ್ಬನ್ನು ಮಾತ್ರ ಕಂಡು "ಇನ್ನೊಂದು ಯಾವ ಮನೇಲಿದೆ?" ಎಂದು ಕೇಳುತ್ತಿದ್ದರಂತೆ. ಅವಳು ಎಲ್ಲವನ್ನೂ ಸಹಿಸಿದಳು. ಒಂದು ಸಲ ಮಾತ್ರ, ತನ್ನ ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಕಪಾಟಿನ ಮುಂದೆ ಕೂತು ಕೇಳಿದಳು: "ದೊಡ್ಡಮ್ಮ, ಈ ಫ್ರಾಕು ಎಲ್ಲಿಡ್ಲಿ?" ಕಪಾಟಿನ ಕೆಳಗಿನ ಖಾನೆ ಖಾಲಿಯಿತ್ತು. ಇಡು ಎಂದು ಹೇಗೆ ಹೇಳಲಿ? ಬೆಳಿಗ್ಗೆ ತೆಗೆಯಬೇಕಾಗುತ್ತಲ್ಲ. "ಸದ್ಯಕ್ಕೆ ಚೀಲದಲ್ಲೇ ಇರ್ಲಿ ಮರಿ" ಅಂದೆ. ಅವಳು ತಲೆಯಾಡಿಸಿ ಚೀಲದ ಬಾಯಿ ಕಟ್ಟಿದಳು. ಆ ಗಂಟು ಕಟ್ಟಿದ ರೀತಿ ನೋಡಿ, ಅವತ್ತೇ ಜಿನ್ನಪ್ಪನವರ ಮನೆಗೆ ಹೋದೆ.

ಮೊದಲ ಸಲ ಗಾಡಿ ಸುಲಭವಾಗಿಯೇ ಶುರುವಾಯಿತು. ಮುಂದೆ ಜಿನ್ನಪ್ಪನವರು, ಹಿಂದೆ ನಾನು ಮತ್ತು ಹೊನ್ನಯ್ಯ. ಅವನು ಮಡಿಸಿದ ಕೈ ತೊಡೆಯ ಮೇಲಿಟ್ಟು ಶುರುಮಾಡಿದ. "ಯಮುನೆ ಹೋದ್ಮೇಲೆ ನಂಗೆ ಕೈಕಾಲೇ ಆಡ್ದಂಗಾಗಿ, ಆಗರದ ಕೆಲ್ಸಾನೂ ಬಿಡೋಹಂಗಿಲ್ದೆ, ಮಳೆಗಾಲ್ದಲ್ಲಾದ್ರೆ ಹೆಂಗೋ ನೋಡ್ಕೊತಿದ್ದೆ, ಆದ್ರೂ ಹೆಣ್ಮಗು ಅನ್ನೋದ್ರಿಂದ, ಈ ನನ್ನ ಮಗಳು ಪಾರಿ ಇನ್ಮೇಲೆ ಸುಲೋಚನಕ್ಕನ ಮನೇಲೇ..." ಗಾಡಿ ಒಂದು ಸಲ ಬಿಕ್ಕಿತು, ಎರಡು ಸಲ ಬಿಕ್ಕಿತು, ನಿಂತಿತು. ನಾನು ಮುಂದಿನ ಸೀಟಿಗೆ ಹಣೆ ಆನಿಸಿದೆ. ಮೆಕ್ಯಾನಿಕ್ ದಸ್ತಗೀರ್ ಬಂದು ಬಾನೆಟ್ ಎತ್ತಿ, ಫಿಲ್ಟರ್ ಬಿಚ್ಚಿ, ಕೈಗೆ ಮೆತ್ತಿದ ಕರಿಯ ರಾಡಿಯನ್ನು ನಮ್ಮೆಲ್ಲರ ಮೂಗಿನ ಹತ್ತಿರ ಹಿಡಿದ. "ನೋಡಿ ಸಾರ್. ಹಳೇ ಪೆಟ್ರೋಲು ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂರ್ಸಿದ್ದ ಕೊಳೆ. ತೆಪ್ಪಗೆ ಕೂತಿತ್ತು. ಈ ಹೊಸದು ಹೋಗಿ ಅದನ್ನ ಎಬ್ಸಿ ಉಜ್ಜಿ ತೊಳೆದು ತಂದು ಇಲ್ಲಿ ತುರುಕಿದೆ." ಜಿನ್ನಪ್ಪನವರು "ನನ್ನ ಟ್ಯಾಂಕಿನಲ್ಲಿ ಕೊಳೆ ಇರ್ಲಿಲ್ಲ" ಎಂದು ಜಗಳಕ್ಕೆ ನಿಂತರು.

ಅರ್ಧ ಮಾತು ನಿಂತಿತು. ಪಾರಿ ಇನ್ನು ಮೇಲೆ ಸುಲೋಚನಕ್ಕನ ಮನೆಯಲ್ಲೇ. ಏನು ಮನೆಯಲ್ಲೇ? ಅದನ್ನು ಹೇಳುವ ಮೊದಲೇ ಗಾಡಿ ನಿಂತಿತ್ತಲ್ಲ. ಹಾಗಾಗಿ ಆ ಜಾಗಕ್ಕೆ ದಿನಕ್ಕೊಂದು ಕೆಲಸ ಬಂದು ಕೂತಿತು. ಪಾರಿ ನಮ್ಮ ಮನೆಯಲ್ಲೇ ಉಂಡಳು, ನಮ್ಮ ಮನೆಯಲ್ಲೇ ಸ್ನಾನ ಮಾಡಿದಳು, ನಮ್ಮ ಮನೆಯಲ್ಲೇ ಜಗಳವಾಡಿದಳು. ಅಪ್ಪನ ಮನೆಯಲ್ಲಿ ಇವೊಂದೂ ಅವಳಿಂದ ಆಗಲಿಲ್ಲ. ತುತ್ತು ಗಂಟಲಲ್ಲಿ ಇಳಿಯದು. ಸೀನು ಬಂದರೂ ನಮ್ಮ ಮನೆಯವರೆಗೆ ಮೂಗು ಹಿಡಿದುಕೊಂಡೇ ಬರಬೇಕು. ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ಓಡಿಬಂದು ನನ್ನ ಬೆನ್ನಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. ಏನಾಯಿತೆಂದು ಕೇಳಿದರೆ, "ಅಲ್ಲಿ ಅಮ್ಮನ ಸೀರೆ ನೋಡ್ದೆ. ಅಲ್ಲಿ ಅಳೋಕೆ ಬರ್ಲಿಲ್ಲ" ಅಂದಳು. ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಚೀಲ ಎತ್ತಿಕೊಂಡು ಹೋದಳು. ಎಲ್ಲವೂ ಆಯಿತು, ಇರುವುದೊಂದು ಮಾತ್ರ ಆಗಲಿಲ್ಲ. ಬೆಳಗಾದರೆ ಹೊನ್ನಯ್ಯ ಜಗುಲಿಯಲ್ಲಿ ನಿಂತಿರುತ್ತಿದ್ದ. ಅವನ ಮುಖ ನೋಡಿದರೆ ತನಗೂ ಇದು ಸಾಕಾಗಿದೆ ಅನ್ನಿಸುತ್ತಿತ್ತು. ಕಾಲು ಕೇಳಬೇಕಲ್ಲ.

ಎರಡನೆಯ ಸಲಕ್ಕೆ ನಾನು ಅವನಿಗೆ ಪಾಠ ಹೇಳಿಯೇ ಕರೆದುಕೊಂಡು ಹೋದೆ. "ಹೊನ್ನಯ್ಯ, ಹತ್ತಿದ ತಕ್ಷಣ ಮೊದ್ಲು ಇರ್ತಾಳೆ ಅನ್ನು. ಆಮೇಲೆ ನಿನ್ನ ಪುರಾಣ." ಅವನು "ಇರ್ತಾಳೆ, ಇರ್ತಾಳೆ" ಎಂದು ಗೊಣಗುತ್ತ ಬಂದ. ದಾರಿಯಲ್ಲಿ ಎದುರು ಬಂದ ಭಾಗಿ "ಯಾರಪ್ಪಾ ಇರ್ತಾಳೆ?" ಎಂದು ಕೇಳಿದ್ದಕ್ಕೆ ಅಷ್ಟು ದೂರ ಬಂದಿದ್ದ ಪದ ಜಾರಿ, ಮತ್ತೆ ಮೊದಲಿನಿಂದ ಹೇಳಿಕೊಡಬೇಕಾಯಿತು. ಕಾರಿನಲ್ಲಿ ಕೂತೆವು. ಎಂಜಿನ್ ಓಡಿತು. ಹೊನ್ನಯ್ಯ ಬಾಯಿ ತೆರೆದ. "ಅದೇನಂದ್ರೆ ಅಕ್ಕ..." ನನಗೆ ಅವನ ಬಾಯಿಗೇ ಕೈ ಹಾಕಿ ಪದವನ್ನು ಎಳೆದು ತೆಗೆಯಬೇಕು ಅನ್ನಿಸಿತು. ಅಷ್ಟರಲ್ಲಿ ಗಾಡಿಯೊಳಗೆಲ್ಲ ಪೆಟ್ರೋಲಿನ ವಾಸನೆ. ಜಿನ್ನಪ್ಪನವರು ಗಾಬರಿಯಿಂದ ಕೀಲಿ ತಿರುಗಿಸಿ ಆರಿಸಿ, ನಮ್ಮನ್ನು ಇಳಿಸಿ, ದೂರ ಓಡಿಸಿದರು. ರಬ್ಬರ್ ಪೈಪು ಊದಿಕೊಂಡು, ನೆನೆದ ಹಪ್ಪಳದ ಹಾಗೆ ಮೆತ್ತಗಾಗಿ ಒಡೆದಿತ್ತು. "ಹಳೇ ರಬ್ಬರಿಗೂ ಈ ಸಾರಕ್ಕೂ ಆಗಿಬರಲ್ಲ" ಅಂದ ದಸ್ತಗೀರ್, ಪೈಪನ್ನು ಬೆರಳಲ್ಲಿ ಹಿಚುಕುತ್ತ. "ಬೇರೆ ಥರದ ಪೈಪ್ ಹಾಕ್ಬೇಕು. ತರಿಸ್ತೀನಿ ನಾಳೆ." ನಾನು ಅವನನ್ನೇ ನೋಡಿದೆ. ತಾನೂ ನೆಲದ ಮೇಲೆ ನಿಂತಿದ್ದೇನೆ ಎಂದು ನೆನಪಾಗಿ ಅವನು ನಾಲಿಗೆ ಕಚ್ಚಿಕೊಂಡ. ಪೈಪು ಬಂದದ್ದು ಶಿವರಾತ್ರಿ ಕಳೆದ ಮೇಲೆ.

ಅಷ್ಟು ದಿನ ಕಾರು ಟ್ಯಾಂಕ್ ತುಂಬಿಕೊಂಡು ನಿಂತಿತ್ತು. ನಮ್ಮದು ಸಮುದ್ರದ ಊರು. ಇಲ್ಲಿ ಡಬ್ಬಿಯೊಳಗಿನ ಉಪ್ಪೂ ಬೆವರುತ್ತದೆ. ಮೂರನೆಯ ಸಲ ಗಾಡಿ ಶುರುವಾಗಲೇ ಇಲ್ಲ. ಟ್ಯಾಂಕಿನ ತಳದಿಂದ ದಸ್ತಗೀರ್ ಒಂದು ಬಾಟಲಿಗೆ ಪೆಟ್ರೋಲು ಇಳಿಸಿ ಬಿಸಿಲಿಗೆ ಹಿಡಿದ. ಮೇಲೆ ತಿಳಿ, ಕೆಳಗೆ ಬೇರೆಯೇ ಒಂದು ಪದರ. "ಈ ಕಬ್ಬಿನ ಸಾರಕ್ಕೆ ನೀರಂದ್ರೆ ಪ್ರಾಣ ಅಕ್ಕಾ. ಗಾಳೀಲಿರೋ ಪಸೇನೂ ಬಿಡಲ್ಲ. ಹೀರ್ಕೊಂಡು ಹೀರ್ಕೊಂಡು, ಕೊನೆಗೆ ಪೆಟ್ರೋಲಿನ ಸಂಗಾನೇ ಬಿಟ್ಟು ನೀರಿನ ಜೊತೆ ತಳಕ್ಕೆ ಹೋಗಿ ಕೂರುತ್ತೆ. ಗಾಡಿ ತಳದಿಂದ ತಾನೇ ಕುಡಿಯೋದು? ನೀರು ಕುಡ್ದು ಹೆಂಗೆ ಓಡುತ್ತೆ?" ನನಗೆ ರೋಸಿಹೋಗಿತ್ತು. ಮನೆಯಲ್ಲಿ ಇಡ್ಲಿಗೆ ನೆನೆಹಾಕಿದ ಬೇಳೆ ಹಾಗೇ ಬಿಟ್ಟು ಬಂದಿದ್ದೆ. "ನೀರಿನ ಮೇಲೆ ಅಷ್ಟು ಪ್ರೀತಿಯಿದ್ರೆ ನಾವೇ ನೀರು ಕೊಟ್ಟು ಪೂರ್ತಿ ಇಳಿಸಿಬಿಡೋಣ. ಮೇಲೆ ಉಳಿದಿದ್ದು ಹಳೇ ಪೆಟ್ರೋಲಾಗಲ್ವಾ?" ಅಂದೆ. ಸಿಟ್ಟಿಗೆ ಅಂದದ್ದು. ದಸ್ತಗೀರ್ ಬಾಟಲಿಯನ್ನೂ ನನ್ನನ್ನೂ ಒಂದೊಂದು ಸಲ ನೋಡಿ, "ಆಗುತ್ತೆ" ಅಂದ. "ಆದ್ರೆ ಕಸುವಿರಲ್ಲ. ಎಂಜಿನ್ ಎದೆ ಎದೆ ಬಡ್ಕೊಳ್ಳುತ್ತೆ. ನಾಲ್ಕು ಮಾತಾಡೋಷ್ಟು ಹೊತ್ತು ಓಡ್ಬಹುದು, ಅಷ್ಟೇ." "ನಮಗೆ ಬೇಕಾಗಿರೋದು ಒಂದು ಮಾತು" ಅಂದೆ.

ಕೆಲಸ ನಮ್ಮ ಹಿತ್ತಲಲ್ಲೇ ಆಯಿತು. ಸುತ್ತಮುತ್ತ ಬೆಂಕಿ ಇರಬಾರದು ಎಂದು ಒಲೆ ಆರಿಸಿದೆ, ಪಕ್ಕದ ಮನೆಯವರ ಬಚ್ಚಲ ಒಲೆಯನ್ನೂ ಆರಿಸಿದೆ. ಮನೆಮಂದಿಗೆಲ್ಲ ಮೊಸರವಲಕ್ಕಿ ಕೊಟ್ಟು ಬಾಯಿ ಮುಚ್ಚಿಸಿದೆ. ಎತ್ತರದ ಗಾಜಿನ ಪಾತ್ರೆ ಬೇಕಿತ್ತು. ಇದ್ದದ್ದು ಒಂದೇ, ಅತ್ತೆಯವರ ಉಪ್ಪಿನಕಾಯಿ ಭರಣಿ. ಅದನ್ನು ತೊಳೆದು ಒಣಗಿಸಿ ಕೊಡುವಾಗ ನಮ್ಮನೆಯವರು "ಅಮ್ಮ ಇದ್ದಿದ್ರೆ..." ಎಂದು ಶುರುಮಾಡಿದರು. "ಇದ್ದಿದ್ರೆ ಅವರೇ ಕೊಡ್ತಿದ್ರು, ನೀವು ನೀರು ತನ್ನಿ" ಅಂದೆ. ತಂದರು! ದಸ್ತಗೀರ್ ಭರಣಿಗೆ ಪೆಟ್ರೋಲು ಸುರಿದು, ನೀರು ಹಾಕಿ, ಮುಚ್ಚಳ ಬಿಗಿದು, ಮಗುವನ್ನು ತೂಗಿದ ಹಾಗೆ ಅಲ್ಲಾಡಿಸಿ ನೆರಳಿನಲ್ಲಿ ಇಟ್ಟ. ಕದಡಿದ್ದು ಮಜ್ಜಿಗೆಯ ಹಾಗೆ ಬೆಳ್ಳಗಿದ್ದು, ನೋಡನೋಡುತ್ತ ಎರಡಾಯಿತು. ಮೇಲಿನದನ್ನು ಮಾತ್ರ ಮೆಲ್ಲಗೆ ಬಗ್ಗಿಸಿ ಡಬ್ಬಿಗೆ ತುಂಬಿದ. ಪಾರಿ ಜಗುಲಿಯ ಕಂಬ ಹಿಡಿದು ಎಲ್ಲವನ್ನೂ ನೋಡುತ್ತಿದ್ದಳು. ಜಿನ್ನಪ್ಪನವರು ಬಂದು ಮೂಸಿ, "ನನ್ನ ಗಾಡಿಗೆ ಉಪ್ಪಿನಕಾಯಿ ಭರಣಿ ಪೆಟ್ರೋಲು! ಮುಂದೆ ಇದಕ್ಕೆ ಒಗ್ಗರಣೆ ಬೇರೆ ಹಾಕ್ತೀರೇನಮ್ಮಾ?" ಅಂದರು. ಅಂದರೂ ಡಬ್ಬಿಯನ್ನು ತಾವೇ ಎತ್ತಿಕೊಂಡರು.

ಮಧ್ಯಾಹ್ನ ಸುಡುಬಿಸಿಲು. ಬಿಸಿಗೆ ಈ ಪೆಟ್ರೋಲು ದಾರಿಯಲ್ಲೇ ಆವಿಯಾಗಿ ಪಂಪಿಗೆ ಗಾಳಿ ಹಿಡಿಯುತ್ತದೆ ಎಂದು ದಸ್ತಗೀರ್ ಒದ್ದೆ ಬಟ್ಟೆ ಕೇಳಿದ. ನನ್ನ ಹಳೆಯ ಸೀರೆಯ ಒಂದು ಸೆರಗು ಹರಿದು ಕೊಟ್ಟೆ. ಅವನು ಬಾನೆಟ್ ಎತ್ತಿ, ಬಟ್ಟೆಯನ್ನು ಪಂಪಿಗೆ ಸುತ್ತಿ, ಚೊಂಬಿನಿಂದ ನೀರು ಹನಿಸುತ್ತ ನಿಂತ. ಆ ಹೊತ್ತಿಗೆ ಮನೆಮಂದಿಯೆಲ್ಲ ಹೊರಗೆ ಹೋಗಿ ಪಾರಿಯನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಅವಳನ್ನೂ ಕರೆತಂದಿದ್ದೆ. ಮಕ್ಕಳನ್ನು ಎಂಜಿನ್ ಓಡುವ ಕಾರಿಗೆ ಹತ್ತಿಸುವುದು ನಮ್ಮಲ್ಲಿ ಇಲ್ಲ. ಬಾಯಿಗೆ ಬಂದದ್ದು ಆಡಿಬಿಟ್ಟರೆ ಜನ್ಮವೆಲ್ಲ ಅದೇ ಆಗುತ್ತದೆ. ಹತ್ತಿಸಲೇಬೇಕಾದರೆ ಬಾಯಿಗೊಂದು ಬೆಲ್ಲದ ಉಂಡೆ ಇಡುತ್ತಾರೆ, ಮಾತು ಹೊರಡದ ಹಾಗೆ. ಜಿನ್ನಪ್ಪನವರ ಡಬ್ಬಿಯಲ್ಲಿದ್ದ ಉಂಡೆ ಗೋಲಿಯಷ್ಟಿತ್ತು. "ಕಬ್ಬೆಲ್ಲ ಪೆಟ್ರೋಲಿಗೇ ಹೋದ್ರೆ ಬೆಲ್ಲ ಎಲ್ಲಿಂದ ಬರಬೇಕು?" ಎಂದು ಅದಕ್ಕೂ ಬೈದು ಅವಳ ಬಾಯಿಗಿಟ್ಟರು. ಪಾರಿ ನನಗೂ ಅವಳಪ್ಪನಿಗೂ ನಡುವೆ ಚೀಲ ಹಿಡಿದು ಕೂತಳು. ಜಿನ್ನಪ್ಪನವರು ಕೀಲಿ ತಿರುಗಿಸಿದರು. ಗಾಡಿ ಕೊರ್ ಅಂದಿತು. ಮತ್ತೆ ತಿರುಗಿಸಿದರು. ಮತ್ತೆ ಕೊರ್. ದಸ್ತಗೀರ್ ಏನೋ ಬಿಗಿದ, ಏನೋ ಸಡಿಲಿಸಿದ, ಎದ್ದು ಬೆವರು ಒರೆಸಿಕೊಂಡ. ನನ್ನ ಬೆನ್ನು ಸೀಟಿಗೆ ಅಂಟಿತ್ತು. ದೇವರ ಹೆಸರು, ಬೈಗುಳ, ಎಲ್ಲ ಮುಗಿದ ಮೇಲೆ ಎಂಜಿನ್ ಹತ್ತಿಕೊಂಡಿತು. ಹತ್ತಿದ್ದೇ ಟಕಟಕ ಎಂದು ಎದೆ ಬಡಿದುಕೊಳ್ಳತೊಡಗಿತು.

"ಹೇಳು" ಅಂದೆ. ಹೊನ್ನಯ್ಯ ಮಗಳ ಕಡೆ ನೋಡಿದ. "ಅಕ್ಕ, ಇವ್ಳಿಗೆ ಜಡೆ ಬಿಗಿಯಾಗಿ ಹಾಕಿದ್ರೆ ತಲೆನೋವು ಬರುತ್ತೆ." "ಆಯ್ತಪ್ಪ, ಸಡ್ಲ ಹಾಕ್ತೀನಿ. ಹೇಳು." "ತಳ ಹಿಡಿದ ಅನ್ನದ ಸೀಕು ಅಂದ್ರೆ ಇಷ್ಟ ಇವ್ಳಿಗೆ. ಅವಳಮ್ಮ ಎತ್ತಿಡ್ತಿದ್ಲು." "ಗೊತ್ತು. ನಾನೂ ಎತ್ತಿಡ್ತೀನಿ. ಹೇಳೋ ಮಾರಾಯ!" "ಮಳೆ ಬಂದು ಆಗರ ಮುಚ್ಚಿದಾಗ ನಾನು ಮನೇಲೇ ಇರ್ತೀನಲ್ಲ, ಆವಾಗ..." ದಸ್ತಗೀರ್ ಮುಂದಿನಿಂದ ಕೂಗಿದ, "ಬೇಗ ಮುಗ್ಸಿ ಸಾರ್, ಬಟ್ಟೆ ಹೊಗೆಯಾಡ್ತಿದೆ!" ಹೊನ್ನಯ್ಯನ ಕೈ ಪಾರಿಯ ಚೀಲದ ಹಿಡಿಯ ಮೇಲಿತ್ತು, ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ. ಆಗ ನನಗೆ ಹೊಳೆಯಿತು. ಇಷ್ಟು ದಿನ ಪೆಟ್ರೋಲನ್ನು ಬೈದೆ, ಪೈಪನ್ನು ಬೈದೆ, ಇವನ ನಾಲಿಗೆಯನ್ನು ಬೈದೆ. ಪೆಟ್ರೋಲು ಗಂಗಾಜಲದಷ್ಟು ಶುದ್ಧವಾಗಿದ್ದರೂ ಇವನು ಆ ಕೊನೆಯ ಪದಕ್ಕೆ ಬರುತ್ತಿರಲಿಲ್ಲ. ಬಂದರೆ ಮಗಳು ಹೋಗುತ್ತಾಳೆ. ಅಲ್ಲಿಗೆ ಹೋಗುವ ದಾರಿಯನ್ನು ಅವನು ಎಷ್ಟು ಉದ್ದ ಮಾಡಬಹುದೋ ಅಷ್ಟು ಮಾಡುತ್ತಿದ್ದ. ನನಗೆ ಅವನನ್ನು ಗದರಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಎಂಜಿನ್ ಒಂದು ಸಲ ಬಿಕ್ಕಿತು.

"ಇರ್ತೀನಿ."

ಯಾರೆಂದು ನೋಡಿದರೆ ಪಾರಿ. ಗಾಡಿ ಹತ್ತಿಕೊಳ್ಳುವಷ್ಟರಲ್ಲಿ ಗೋಲಿಯಷ್ಟಿದ್ದ ಬೆಲ್ಲ ಯಾವಾಗಲೋ ಕರಗಿಹೋಗಿತ್ತು. ಜಿನ್ನಪ್ಪನವರು ಸ್ಟೀರಿಂಗ್ ಬಿಟ್ಟು ಹಿಂದೆ ತಿರುಗಿ, "ಅಯ್ಯಯ್ಯೋ, ಮಗು ಮಾತಾಡಿಬಿಡ್ತಲ್ರೀ!" ಎಂದು ತಲೆ ಮೇಲೆ ಕೈಹೊತ್ತರು. ಒಂದೇ ಪದ. ನಾವು ದೊಡ್ಡವರು ಮೊದಲು ಹಾಕಲೋ ಕೊನೆಗೆ ಹಾಕಲೋ ಎಂದು ಒದ್ದಾಡುತ್ತಿದ್ದೆವು. ಅದರೊಳಗೇ ಯಾರೆಂಬುದೂ ಇತ್ತು, ಇನ್ನು ಮುಂದೆ ಎಂಬುದೂ ಇತ್ತು. ಎಲ್ಲಿ ಎಂಬುದನ್ನು ಅವಳಪ್ಪ ಮೊದಲ ಸಲವೇ ಆಡಿ ಬಿಟ್ಟಿದ್ದ. ಹೊನ್ನಯ್ಯ ಮಗಳನ್ನು ನೋಡುತ್ತಲೇ ಇದ್ದ. ಅವನ ಕೈ ಚೀಲದ ಹಿಡಿಯಿಂದ ಜಾರಿತು. ಎಂಜಿನ್ ಎರಡನೆಯ ಸಲ ಬಿಕ್ಕಿತು. ಪಾರಿ ಅಪ್ಪನ ಅಂಗಿಯ ತೋಳು ಹಿಡಿದು ಜಗ್ಗಿ, ಅವಸರದಲ್ಲಿ "ಬಾ" ಅಂದಳು. ಗಾಡಿ ನಿಂತಿತು.

ದಸ್ತಗೀರ್ ಕಿಟಕಿಯಿಂದ ಮುಖ ತೂರಿಸಿ "ಆಯ್ತಾ? ಆಗ್ಲಿಲ್ವಾ? ಯಾರಾದ್ರೂ ಹೇಳ್ರೀ" ಅಂದ. ಮಕ್ಕಳ ಮಾತು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಆಡಲು ಬಿಟ್ಟಿದ್ದರೆ ತಾನೇ ಗೊತ್ತಾಗುವುದು? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಜಗುಲಿ ಗುಡಿಸುವಾಗ ಹೊನ್ನಯ್ಯ ನಿಂತಿದ್ದ. ಪೊರಕೆ ಕೈಯಲ್ಲೇ ಉಳಿಯಿತು. "ಕರ್ಕೊಂಡು ಹೋಗೋಕೆ ಬಂದ್ಯಾ?" ಅಂದೆ. ಅವನು ತನ್ನ ಕಾಲನ್ನು ತಾನೇ ನೋಡಿಕೊಂಡು, "ಇಲ್ಲಕ್ಕ. ಸುಮ್ನೆ ಬಂದೆ" ಅಂದ. ಒಳಗೆ ಹೋಗಿ ನೋಡಿದೆ. ಪಾರಿ ಕಪಾಟಿನ ಮುಂದೆ ಕೂತು, ಕೆಳಗಿನ ಖಾನೆಯಲ್ಲಿ ಫ್ರಾಕು ಮಡಿಸಿಡುತ್ತಿದ್ದಳು. ಯಾರನ್ನೂ ಕೇಳಿರಲಿಲ್ಲ. ನನ್ನ ಮಗಳು ಪಕ್ಕದಲ್ಲಿ ನಿಂತು "ಹಂಗಲ್ಲ ಮಡಿಸೋದು, ಕೈ ಒಳಗೆ ಹಾಕ್ಬೇಕು" ಎಂದು ಯಜಮಾನಿಕೆ ಮಾಡುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ, ಹಾಲು ಉಕ್ಕದಿದ್ದರೂ ಒಲೆಯ ಮುಂದೆ ಸುಮ್ಮನೆ ನಿಂತೆ.

ಹೊನ್ನಯ್ಯ ಕಾಫಿ ಕುಡಿದು ಆಗರಕ್ಕೆ ಹೋದ. ಮಧ್ಯಾಹ್ನ ಮತ್ತೆ ಬಂದ. ಸಂಜೆ ಮತ್ತೆ ಬಂದ. ಮರುದಿನವೂ ಹಾಗೇ. ಆಗರ ಇಲ್ಲಿಂದ ಹತ್ತಿರವೇನಲ್ಲ, ಆದರೂ ಮಡಿಗೆ ನೀರು ಬಿಟ್ಟು ಬರುತ್ತಾನೆ, ಉಪ್ಪು ಗೋರಿಟ್ಟು ಬರುತ್ತಾನೆ. ಮಗಳು ಬಾ ಎಂದಿದ್ದಾಳೆ, ಯಾವಾಗ ಎಂದು ಹೇಳಿಲ್ಲ, ಕಾಲಂತೂ ಲೆಕ್ಕ ಇಡುವುದಿಲ್ಲ. ಗುಡಿಸಿದ ನೆಲದ ಮೇಲೆಲ್ಲ ಉಪ್ಪಿನ ಬಿಳಿ ಹೆಜ್ಜೆ. "ಒಂದು ಹೊತ್ತು ಗೊತ್ತು ಹೇಳ್ಬಾರದಿತ್ತೇನೇ?" ಎಂದು ಪಾರಿಯನ್ನು ಕೇಳಿದರೆ, "ಗಾಡಿ ನಿಂತೋಯ್ತಲ್ಲ ದೊಡ್ಡಮ್ಮ" ಅನ್ನುತ್ತಾಳೆ. ಅನ್ನಕ್ಕೆ ಇಟ್ಟ ಪಾತ್ರೆ ಸಾಲದೆ ದೊಡ್ಡದು ಇಳಿಸಿದೆ. ನೆಲ ಒರೆಸಿ ಒರೆಸಿ ಸೊಂಟ ಬಿದ್ದಿದೆ. ಊರವರಿಗೆ ಇದೊಂದು ತಮಾಷೆ. ಭಾಗಿ ಬುಟ್ಟಿ ಇಳಿಸಿ ಕೂತು, "ನಿಮ್ ತಂಗಿ ಗಂಡ ಬರೋದು ನೋಡಿ ನಮ್ಮೋರು ಕೊಡೋದೇ ವಾಸಿ ಅನ್ಸುತ್ತಮ್ಮಾ" ಎಂದು ನಗುತ್ತಾಳೆ.

ಮೊನ್ನೆ ಜಿನ್ನಪ್ಪನವರೇ ಮನೆಗೆ ಬಂದರು. ಪಂಪು ಬದಲಾಯಿಸಿದ್ದಾರಂತೆ, ದಸ್ತಗೀರ್ ಟ್ಯಾಂಕು ಒಳಗಿಂದ ಉಜ್ಜಿ ಬಣ್ಣ ಬಳಿದಿದ್ದಾನಂತೆ, ಡಬ್ಬಿಯಲ್ಲಿ ಇನ್ನೂ ಒಂದಿಷ್ಟು ತೊಳೆದ ಪೆಟ್ರೋಲು ಉಳಿದಿದೆಯಂತೆ. "ಹುಡುಗೀನ ಕರ್ಕೊಂಡು ಬಾರಮ್ಮ ಸುಲೋಚನಾ. ಭಾನುವಾರ ಅಂತ ಒಂದು ಪದ ಸೇರಿಸಿಬಿಡ್ಲಿ. ಆ ಮನುಷ್ಯನೂ ನಡೆದು ನಡೆದು ಸವೆದುಹೋದ, ನಿನಗೂ ಬಿಡುವಾಗುತ್ತೆ. ಗಾಡಿ ಈಗ ಮುತ್ತಿನ ಹಂಗೆ ಓಡ್ತಿದೆ." ಹೊರಗೆ ಕಟ್ಟೆಯ ಮೇಲೆ ಹೊನ್ನಯ್ಯ ಕೂತಿದ್ದ, ಅವನ ಮುಂದೆ ಕೂತ ಪಾರಿಯ ಜಡೆಯನ್ನು ಸಡಿಲವಾಗಿ, ತೀರಾ ಸಡಿಲವಾಗಿ, ಹೆಣೆಯಲು ಒದ್ದಾಡುತ್ತಿದ್ದ. ನಾನು ಸೆರಗಿಗೆ ಕೈ ಒರೆಸಿಕೊಂಡೆ. "ಬೇಡಿ ಸಾರ್" ಅಂದೆ. "ಈಗಿನ ಪೆಟ್ರೋಲು ನಂಬೋ ಹಾಗಿಲ್ಲ." ಆಮೇಲೆ ಒಳಗೆ ಹೋಗಿ ಇನ್ನೊಂದು ಪಾವು ಅಕ್ಕಿ ಅಳೆದು ಹಾಕಿದೆ.